ಅಪಘಾತದ ಗಾಯಾಳು: ರಕ್ತದೊತ್ತಡ, ಸಲೈನ್ ಮತ್ತು ರಕ್ತ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಮೂರೂ ಊರುಗಳಿಂದ ಜಿಲ್ಲಾ ಕೇಂದ್ರವಾದ ಹಾಸನಕ್ಕೆ ಇರುವ ದೂರ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರು. ಸ್ವಸ್ಥನಾಗಿರುವವನಿಗೆ ಇದು ಗಂಟೆಯೊಳಗೆ ಮುಗಿಯುವ ಪ್ರಯಾಣ. ಅಪಘಾತಕ್ಕೆ ಸಿಲುಕಿ ರಕ್ತ ಕಳೆದುಕೊಳ್ಳುತ್ತಿರುವವನಿಗೆ ಅದೇ ಒಂದು ಗಂಟೆ ಜೀವಮರಣಗಳನ್ನು ನಿರ್ಣಯಿಸುವ ಕಾಲ.

ನಮ್ಮ ಸೀಮೆಯಲ್ಲಿ ಇಂತಹ ಪ್ರಸಂಗಗಳಿಗೆ ಕೊರತೆಯಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣ, ಹಾಸನಗಳ ಮೂಲಕ ಹಾದುಹೋಗುತ್ತದೆ. ಮೈಸೂರು–ಹಾಸನ ಮಾರ್ಗ ಹೊಳೆನರಸೀಪುರವನ್ನು ದಾಟಿ ಬರುತ್ತದೆ. 2025ರ ಸೆಪ್ಟೆಂಬರ್ 12ರ ರಾತ್ರಿ ಇದೇ ಮಾರ್ಗದ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿ, ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಅಸುನೀಗಿದರು. ಅನೇಕರು ತೀವ್ರವಾಗಿ ಗಾಯಗೊಂಡರು. ಆ ದುಃಖ ಇನ್ನೂ ನಮ್ಮ ಮನಸ್ಸಿನಿಂದ ಮಾಸಿಲ್ಲ. ರಸ್ತೆಯೊಂದೇ ಅಲ್ಲ, ತೆಂಗಿನ ಮರದಿಂದ ಬೀಳುವುದು, ಉಳುವಾಗ ಟ್ರ್ಯಾಕ್ಟರ್ ಮಗುಚುವುದು, ಎತ್ತು ಹಾಯುವುದು, ಆಲೂರು–ಸಕಲೇಶಪುರದ ಕಡೆ ಕಾಡಾನೆ ತುಳಿಯುವುದು, ಇವೆಲ್ಲವೂ ರೈತಾಪಿ ಜನರನ್ನು ಆಸ್ಪತ್ರೆಯ ತುರ್ತು ಘಟಕಕ್ಕೆ ತಂದು ಮಲಗಿಸುತ್ತವೆ.

ಅಲ್ಲಿ ಬಂಧುಗಳು ಕೇಳುವ ಮೊದಲ ಪ್ರಶ್ನೆಗಳು ಎರಡು: ‘ಬಿ.ಪಿ. ಎಷ್ಟಿದೆ?’, ‘ಡ್ರಿಪ್ ಹಾಕಿದ್ದೀರಾ?’ ಬಿ.ಪಿ. ಕಡಿಮೆಯಿದ್ದರೆ ಬಾಟಲಿಯ ಮೇಲೆ ಬಾಟಲಿ ಏರಿಸಿ ಅದನ್ನು ಮೇಲಕ್ಕೆತ್ತಬೇಕೆಂಬುದು ಸಾಮಾನ್ಯ ತಿಳಿವಳಿಕೆ. ವೈದ್ಯರು ಡ್ರಿಪ್ಪನ್ನು ನಿಧಾನಗೊಳಿಸಿದರೆ ಅಸಡ್ಡೆ ಮಾಡುತ್ತಿದ್ದಾರೆಂದು ಅನುಮಾನಿಸಿ ಜಗಳಕ್ಕೆ ನಿಲ್ಲುವುದೂ ಉಂಟು. ಆದರೆ ರಕ್ತಸ್ರಾವದಿಂದ ಬಿ.ಪಿ. ಕುಸಿದಾಗ ಮೊದಲು ಆಗಬೇಕಾದ ಕೆಲಸ ಸ್ರಾವವನ್ನು ನಿಲ್ಲಿಸುವುದು. ಎರಡನೆಯದು ರಕ್ತಕ್ಕೆ ಬದಲಾಗಿ ರಕ್ತವನ್ನೇ ಕೊಡುವುದು. ಸಲೈನಿಗೆ ಅಲ್ಲಿರುವುದು ಮಿತವಾದ ಸ್ಥಾನ. ಇದರ ಕಾರಣವನ್ನು ಸದ್ಭಕ್ತರು ಅರಿತಿದ್ದರೆ ಆಪತ್ತಿನ ಸಮಯದಲ್ಲಿ ತಾವೂ ಸರಿಯಾದುದನ್ನು ಮಾಡಬಲ್ಲರು, ವೈದ್ಯರಿಗೂ ನೆರವಾಗಬಲ್ಲರು.

ರಕ್ತದೊತ್ತಡ ಏನನ್ನು ಹೇಳುತ್ತದೆ?

ಹೃದಯವು ರಕ್ತವನ್ನು ನಾಳಗಳೊಳಕ್ಕೆ ತಳ್ಳುವಾಗ ನಾಳದ ಗೋಡೆಯ ಮೇಲೆ ಬೀಳುವ ಒತ್ತಡವೇ ರಕ್ತದೊತ್ತಡ. 120/80 ಎಂದು ಬರೆಯುವಾಗ ಮೇಲಿನ ಸಂಖ್ಯೆ ಹೃದಯ ಸಂಕುಚಿಸಿದಾಗಿನದು, ಕೆಳಗಿನದು ಅದು ವಿರಮಿಸಿದಾಗಿನದು. ಈ ಒತ್ತಡವನ್ನು ಕಾಯುವ ಅಂಶಗಳು ಮೂರು: ಹೃದಯದ ಶಕ್ತಿ, ನಾಳಗಳ ಬಿಗುಪು, ನಾಳಗಳಲ್ಲಿರುವ ರಕ್ತದ ಪ್ರಮಾಣ. ಗಾಯಾಳುವಿನಲ್ಲಿ ಮುಖ್ಯವಾಗಿ ಕುಸಿಯುವುದು ಮೂರನೆಯದು.

ವಯಸ್ಕರ ದೇಹದಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 70 ಮಿ.ಲೀ. ರಕ್ತವಿರುತ್ತದೆ. 60 ಕಿಲೋ ತೂಕದವರಲ್ಲಿ ಅದು ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು. ರಕ್ತ ಸೋರತೊಡಗಿದಾಗ ದೇಹವು ಕೈಕಟ್ಟಿ ಕೂರುವುದಿಲ್ಲ. ಹೃದಯದ ಬಡಿತವನ್ನು ಹೆಚ್ಚಿಸುತ್ತದೆ. ಚರ್ಮದ, ಕೈಕಾಲುಗಳ ನಾಳಗಳನ್ನು ಬಿಗಿಹಿಡಿದು ಮಿದುಳಿಗೂ ಹೃದಯಕ್ಕೂ ರಕ್ತವನ್ನು ಉಳಿಸಿಕೊಡುತ್ತದೆ. ಈ ಹೊಂದಾಣಿಕೆಯಿಂದಾಗಿ, ಒಟ್ಟು ರಕ್ತದ ಶೇ. 30ರವರೆಗೂ, ಅಂದರೆ 60 ಕಿಲೋ ತೂಕದವರಲ್ಲಿ ಒಂದೂಕಾಲು ಲೀಟರಿನಷ್ಟು ಕಳೆದುಹೋದರೂ ಮೇಲಿನ ಬಿ.ಪಿ. ಹೆಚ್ಚುಕಡಿಮೆ ಸಹಜವಾಗಿಯೇ ತೋರಬಹುದು. ಅದನ್ನು ದಾಟಿದ ಮೇಲೆ ಬಿ.ಪಿ. ಕುಸಿಯುತ್ತದೆ, ಶೇ. 40 ಮೀರಿದರೆ ಪ್ರಾಣಕ್ಕೇ ಸಂಚಕಾರ. ಬಿ.ಪಿ. ಕಡಿಮೆಯಾಗುವುದು ತಡವಾಗಿ ಬರುವ ಸೂಚನೆ. ‘ಬಿ.ಪಿ. ಸರಿಯಾಗಿದೆ, ಏನೂ ಆಗಿಲ್ಲ’ ಎಂದು ನೆಮ್ಮದಿಪಡುವುದು ಆದ್ದರಿಂದ ಅಪಾಯಕರ.

ಬಿ.ಪಿ.ಗಿಂತ ಮೊದಲೇ ಮಾತನಾಡುವ ಲಕ್ಷಣಗಳು ಇವು:

1. ನಾಡಿ ವೇಗವಾಗಿಯೂ ಕ್ಷೀಣವಾಗಿಯೂ ಇರುವುದು. ನಾಡಿಬಡಿತದ ಸಂಖ್ಯೆ ಮೇಲಿನ ಬಿ.ಪಿ.ಯ ಸಂಖ್ಯೆಯನ್ನು ಮುಟ್ಟಿದರೆ ಅಥವಾ ಮೀರಿದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಬಿ.ಪಿ. 110, ನಾಡಿ 120 ಇದ್ದಲ್ಲಿ 110 ಎಂಬುದನ್ನು ನಂಬುವಂತಿಲ್ಲ.
2. ಅಂಗೈ ಅಂಗಾಲು ತಣ್ಣಗಾಗಿ ಬೆವರುವುದು, ಮುಖ ಬಿಳಿಚಿಕೊಳ್ಳುವುದು.
3. ಉಸಿರು ಬೇಗಬೇಗನೆ ಆಡುವುದು.
4. ಕಾರಣವಿಲ್ಲದ ಚಡಪಡಿಕೆ, ಭಯ, ಅಸಂಬದ್ಧ ಮಾತು, ಅನಂತರ ಮಂಕು. ಮದ್ಯಪಾನದ ಅಮಲೆಂದು ಇದನ್ನು ಕಡೆಗಣಿಸುವುದು ಸಲ್ಲದು.
5. ವಿಪರೀತ ಬಾಯಾರಿಕೆ.
6. ಮೂತ್ರದ ಪ್ರಮಾಣ ಇಳಿಯುವುದು.

ಅಂಗಾಂಗಗಳಿಗೆ ಬೇಕಾದಷ್ಟು ರಕ್ತವೂ ಆಮ್ಲಜನಕವೂ ತಲುಪದ ಈ ಸ್ಥಿತಿಗೆ ವೈದ್ಯರು ‘ಶಾಕ್’ ಎನ್ನುತ್ತಾರೆ. ಮನಸ್ಸಿಗಾದ ಆಘಾತಕ್ಕೂ, ವಿದ್ಯುತ್ ತಗಲುವುದಕ್ಕೂ ಬಳಸುವ ಅದೇ ಪದಕ್ಕೆ ಇಲ್ಲಿ ಬೇರೆಯೇ ಅರ್ಥವಿದೆ.

ಕಾಣುವ ಸ್ರಾವ, ಕಾಣದ ಸ್ರಾವ

ನೆಲದ ಮೇಲೆ ಹರಿದ ರಕ್ತ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳಗೆ ಸುರಿಯುವ ರಕ್ತ ಕಾಣುವುದಿಲ್ಲ. ಎದೆಗೂಡು, ಹೊಟ್ಟೆ, ಸೊಂಟದ ಮೂಳೆಗಳ ಆವರಣ, ತೊಡೆ, ಇವು ಲೀಟರುಗಟ್ಟಲೆ ರಕ್ತ ಮರೆಯಾಗಿ ತುಂಬಿಕೊಳ್ಳಬಲ್ಲ ಸ್ಥಳಗಳು. ತೊಡೆಯ ಮೂಳೆ ಮುರಿದರೆ ಒಂದರಿಂದ ಒಂದೂವರೆ ಲೀಟರು ರಕ್ತ ಸ್ನಾಯುಗಳ ನಡುವೆ ಸೇರಬಹುದು. ಟ್ರ್ಯಾಕ್ಟರಿನಡಿ ಸಿಕ್ಕಿ ಸೊಂಟದ ಮೂಳೆ ಒಡೆದಲ್ಲಿ ಅದಕ್ಕಿಂತಲೂ ಹೆಚ್ಚು. ಬೈಕಿನ ಹ್ಯಾಂಡಲ್ ಹೊಟ್ಟೆಗೆ ತಿವಿದು ಗುಲ್ಮ ಅಥವಾ ಯಕೃತ್ತು ಸೀಳಿದ್ದರೂ ಚರ್ಮದ ಮೇಲೆ ಒಂದು ತರಚು ಗಾಯವಷ್ಟೇ ಕಾಣಬಹುದು. ಮರದಿಂದ ಬಿದ್ದವನು ಎದ್ದು ನಡೆದು ಮನೆಗೆ ಬಂದು, ಎರಡು ಗಂಟೆಯ ತರುವಾಯ ಕುಸಿಯುವುದು ಹೀಗೆ. ಆದ್ದರಿಂದಲೇ ತುರ್ತು ಘಟಕದಲ್ಲಿ ಹೊಟ್ಟೆ, ಎದೆಗಳ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಹಾಸಿಗೆಯ ಬಳಿಯೇ ನಿಮಿಷಗಳೊಳಗೆ ಮಾಡುತ್ತಾರೆ.

ಸಲೈನ್: ಅದರ ಗುಣ, ಅದರ ಮಿತಿ

ಸಲೈನ್ ಎಂಬುದು ಶುದ್ಧ ನೀರಿನಲ್ಲಿ ಕರಗಿಸಿದ ಉಪ್ಪು. ಒಂದು ಲೀಟರಿಗೆ 9 ಗ್ರಾಂ. ನಾಳದ ಮೂಲಕ ಉಪ್ಪುನೀರು ಕೊಡುವ ಕ್ರಮ ಹುಟ್ಟಿದ್ದು ಕಾಲರಾ ರೋಗಿಗಳಿಗಾಗಿ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ವಾಂತಿಭೇದಿಯಿಂದ ನೀರೆಲ್ಲ ಬತ್ತಿ ಸಾಯುವ ಸ್ಥಿತಿಯಲ್ಲಿದ್ದವರಿಗೆ ಇದನ್ನು ಕೊಟ್ಟು ಚೇತರಿಕೆಯನ್ನು ಕಂಡರು. ನೀರನ್ನೂ ಉಪ್ಪನ್ನೂ ಕಳೆದುಕೊಂಡವನಿಗೆ ನೀರೂ ಉಪ್ಪೂ ತಕ್ಕ ಔಷಧ. ವಾಂತಿಭೇದಿಯಲ್ಲಿ ಅದು ಇಂದಿಗೂ ಜೀವದಾಯಿ.

ಗಾಯಾಳು ಕಳೆದುಕೊಂಡದ್ದು ರಕ್ತ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ಕಣಗಳಿವೆ. ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಪ್ಲಾಸ್ಮಾದ ಅಂಶಗಳೂ ಇವೆ. ಸಲೈನಿನಲ್ಲಿ ಇವು ಒಂದೂ ಇಲ್ಲ. ಏರಿಸಿದ ಒಂದು ಲೀಟರಿನಲ್ಲಿ ಗಂಟೆಯ ಬಳಿಕ ನಾಳಗಳೊಳಗೆ ಉಳಿಯುವುದು ಕಾಲು ಅಥವಾ ಮೂರನೇ ಒಂದು ಭಾಗ. ಮಿಕ್ಕದ್ದು ಅಂಗಾಂಶಗಳಿಗೆ ಸೋರಿ ಬಾವು ತರಿಸುತ್ತದೆ. ಜನರು ‘ಗ್ಲೂಕೋಸ್ ಬಾಟಲಿ’ ಎಂದು ಕೇಳಿ ಹಾಕಿಸಿಕೊಳ್ಳುವ ದ್ರಾವಣವಂತೂ ನಾಳದಲ್ಲಿ ಇನ್ನೂ ಕಡಿಮೆ ಉಳಿಯುತ್ತದೆ. ತಲೆಗೆ ಪೆಟ್ಟಾದವರಲ್ಲಿ ಅದು ಮಿದುಳಿನ ಬಾವನ್ನು ಹೆಚ್ಚಿಸುವ ಭಯವೂ ಇದೆ.

ಅತಿಯಾದ ಸಲೈನ್ ತರುವ ಕೇಡುಗಳು ಮೂರು ಬಗೆಯವು. ಮೊದಲನೆಯದಾಗಿ, ಉಳಿದಿರುವ ರಕ್ತವನ್ನು ಅದು ತೆಳುವಾಗಿಸುತ್ತದೆ. ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಎರಡನೆಯದಾಗಿ, 37 ಡಿಗ್ರಿ ಉಷ್ಣತೆಯ ದೇಹಕ್ಕೆ ಕೋಣೆಯ ತಂಪಿನಲ್ಲಿದ್ದ ದ್ರವ ಹರಿದು ಮೈ ತಣ್ಣಗಾಗುತ್ತದೆ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟದು. ಮೂರನೆಯದಾಗಿ, ಅದರಲ್ಲಿರುವ ಹೆಚ್ಚಿನ ಕ್ಲೋರೈಡ್ ರಕ್ತದ ಆಮ್ಲತೆಯನ್ನು ಏರಿಸುತ್ತದೆ. ಆಮ್ಲತೆ ಏರಿದಾಗಲೂ ಹೆಪ್ಪು ಕೆಡುತ್ತದೆ. ಮೈ ತಣ್ಣಗಾಗುವುದು, ಆಮ್ಲತೆ ಏರುವುದು, ಹೆಪ್ಪು ಕೆಡುವುದು, ಈ ಮೂರೂ ಒಂದನ್ನೊಂದು ಬೆಳೆಸುತ್ತ ಹೋಗುವ ವಿಷಚಕ್ರ. ಇದಕ್ಕೆ ಸಿಲುಕಿದ ಗಾಯಾಳುವನ್ನು ಹಿಂದಕ್ಕೆ ತರುವುದು ಬಹು ಕಷ್ಟ.

ಒಡೆದ ಕಾಲುವೆಯ ನ್ಯಾಯ

ಗೊರೂರಿನ ಹೇಮಾವತಿ ಜಲಾಶಯದಿಂದ ನೀರು ಹರಿಯುವ ಕಾಲುವೆಯ ಏರಿ ಒಂದೆಡೆ ಒಡೆಯಿತೆಂದು ಭಾವಿಸೋಣ. ಕೊನೆಯ ಗದ್ದೆಗಳಿಗೆ ನೀರು ಮುಟ್ಟುತ್ತಿಲ್ಲವೆಂದು ತೂಬನ್ನು ಇನ್ನಷ್ಟು ಎತ್ತಿದರೆ ಆಗುವುದೇನು? ಒಡೆದ ಬಾಯಿ ಅಗಲವಾಗುತ್ತದೆ, ನೀರು ಅಲ್ಲಿಯೇ ಪೋಲಾಗುತ್ತದೆ. ತಿಳಿದ ರೈತರು ಮೊದಲು ಒಡಕನ್ನು ಮುಚ್ಚುತ್ತಾರೆ. ಮುಚ್ಚುವ ತನಕ ಕೊನೆಯ ಪೈರು ಒಣಗದಷ್ಟು ಮಾತ್ರ ನೀರು ಬಿಡುತ್ತಾರೆ.

ದೇಹದಲ್ಲಿಯೂ ಹೀಗೆಯೇ. ಸೀಳಿದ ನಾಳದ ಬಾಯಿಗೆ ದೇಹವೇ ಒಂದು ಎಳೆಯ ಹೆಪ್ಪನ್ನು ಕಟ್ಟಿರುತ್ತದೆ. ಬಿ.ಪಿ. ತಗ್ಗಿರುವುದೂ ಆ ಹೆಪ್ಪು ನಿಲ್ಲಲು ಸಹಾಯಕ. ದ್ರವವನ್ನು ರಭಸದಿಂದ ಏರಿಸಿ ಒತ್ತಡವನ್ನು 120ಕ್ಕೆ ಎತ್ತಿದರೆ ಆ ಹೆಪ್ಪು ಕಿತ್ತುಬಂದು ಸ್ರಾವ ಮರುಕಳಿಸುತ್ತದೆ. ಪರದೆಯ ಮೇಲೆ ಸಂಖ್ಯೆ ಸುಂದರವಾಗಿ ಕಾಣುತ್ತದೆ. ಗಾಯಾಳು ಇನ್ನಷ್ಟು ರಕ್ತಹೀನನಾಗುತ್ತಾನೆ.

ಇದು ಹೊಸ ವಿಚಾರವೇನಲ್ಲ. ಮೊದಲನೆಯ ಮಹಾಯುದ್ಧದ ಗಾಯಾಳು ಸೈನಿಕರನ್ನು ಗಮನಿಸಿದ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಮತ್ತು ಸಂಗಡಿಗರು 1918ರಲ್ಲಿಯೇ, ಸ್ರಾವವನ್ನು ತಡೆಯಲು ಶಸ್ತ್ರವೈದ್ಯರು ಸಿದ್ಧರಾಗುವ ಮುನ್ನ ಒತ್ತಡವನ್ನು ಏರಿಸಿದರೆ ಉಳಿಸಿಕೊಳ್ಳಬೇಕಾದ ರಕ್ತವೂ ಹೋದೀತೆಂದು ಎಚ್ಚರಿಸಿದ್ದರು. ಕಾಲಾಂತರದಲ್ಲಿ ಆ ಎಚ್ಚರಿಕೆ ಮರೆಯಾಗಿ, ಧಾರಾಳವಾಗಿ ದ್ರವ ಕೊಡುವ ಪದ್ಧತಿ ಬೇರೂರಿತು. 1994ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಅಧ್ಯಯನ ಪ್ರಕಟವಾಯಿತು. ಇರಿತ, ಗುಂಡೇಟುಗಳಿಂದ ಮುಂಡಕ್ಕೆ ಗಾಯವಾಗಿ, ಮೇಲಿನ ಬಿ.ಪಿ. 90ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿದ್ದ 598 ಮಂದಿಯಲ್ಲಿ ಒಂದು ಗುಂಪಿಗೆ ಆಂಬುಲೆನ್ಸಿನಿಂದಲೇ ದ್ರವ ನೀಡಲಾಯಿತು. ಇನ್ನೊಂದು ಗುಂಪಿಗೆ ಶಸ್ತ್ರಚಿಕಿತ್ಸೆಯ ಕೋಣೆ ತಲುಪುವವರೆಗೆ ತಡೆಹಿಡಿಯಲಾಯಿತು. ಮೊದಲಿನವರಲ್ಲಿ ಶೇ. 62, ತಡೆಹಿಡಿದವರಲ್ಲಿ ಶೇ. 70 ಮಂದಿ ಬದುಕುಳಿದರು.

ಆ ಅಧ್ಯಯನ ನಡೆದದ್ದು ಆಸ್ಪತ್ರೆ ಸಮೀಪವಿರುವ ದೊಡ್ಡ ನಗರದಲ್ಲಿ, ಇರಿತ–ಗುಂಡೇಟಿನ ಗಾಯಗಳ ಮೇಲೆ ಎಂಬುದನ್ನು ಮರೆಯಬಾರದು. ನಮ್ಮಲ್ಲಿ ದಾರಿ ದೂರ, ಗಾಯಗಳು ಬಹುಪಾಲು ಜಜ್ಜಿದಂಥವು. ಆದ್ದರಿಂದ ದ್ರವವನ್ನೇ ಕೊಡಬಾರದೆಂದು ಯಾರೂ ಹೇಳುವುದಿಲ್ಲ. ಅಳೆದು ಕೊಡಬೇಕು, ಎಂಬುದು ಇಂದಿನ ಒಮ್ಮತ. ಹಿಂದೆ ಆರಂಭದಲ್ಲಿಯೇ ಎರಡು ಲೀಟರು ಕೊಡುವ ರೂಢಿಯಿತ್ತು; ಈಗಿನ ಅಂತಾರಾಷ್ಟ್ರೀಯ ತರಬೇತಿ ಪಾಠಗಳಲ್ಲಿ ಅದು ಒಂದು ಲೀಟರಿಗೆ ಇಳಿದಿದೆ. ಅಷ್ಟರಿಂದ ಚೇತರಿಕೆ ಕಾಣದಿದ್ದರೆ ಮುಂದಿನದು ರಕ್ತವೇ.

ವೈದ್ಯರು ಅನುಸರಿಸುವ ಕ್ರಮ

ಹೊರಗಿನ ಸ್ರಾವವನ್ನು ಒತ್ತಿ ಅಥವಾ ಬಿಗಿಪಟ್ಟಿ ಕಟ್ಟಿ ನಿಲ್ಲಿಸುತ್ತಾರೆ. ಮುರಿದ ಸೊಂಟಕ್ಕೆ ಪಟ್ಟಿ ಬಿಗಿದು, ತೊಡೆಗೆ ಆಸರೆ ಕಟ್ಟಿ ಒಳಸ್ರಾವವನ್ನು ಕುಗ್ಗಿಸುತ್ತಾರೆ. ಉಸಿರಾಟಕ್ಕೆ ದಾರಿ ಮಾಡಿ ಆಮ್ಲಜನಕ ಕೊಡುತ್ತಾರೆ. ಎರಡು ದಪ್ಪ ಸೂಜಿಗಳನ್ನು ನಾಳಕ್ಕೆ ಹಾಕಿ, ಗುಂಪು ಪರೀಕ್ಷೆಗೆ ರಕ್ತ ಕಳುಹಿಸುತ್ತಾರೆ. ಮೈ ತಣ್ಣಗಾಗದಂತೆ ಹೊದಿಸುತ್ತಾರೆ.

ದ್ರವವನ್ನು 250 ಮಿ.ಲೀ.ನಷ್ಟು ಸಣ್ಣ ಕಂತುಗಳಲ್ಲಿ ಕೊಟ್ಟು ಪ್ರತಿ ಕಂತಿನ ನಂತರ ನಾಡಿಯನ್ನೂ ಪ್ರಜ್ಞೆಯನ್ನೂ ನೋಡುತ್ತಾರೆ. ತಲೆಗೆ ಪೆಟ್ಟಿಲ್ಲದ ವಯಸ್ಕರಲ್ಲಿ ಮಣಿಕಟ್ಟಿನ ನಾಡಿ ಸಿಗುತ್ತಿದ್ದು, ಮಾತಿಗೆ ಉತ್ತರ ಬರುತ್ತಿದ್ದು, ಮೇಲಿನ ಬಿ.ಪಿ. 80–90ರ ಆಸುಪಾಸಿನಲ್ಲಿದ್ದರೆ ಸ್ರಾವ ನಿಲ್ಲುವವರೆಗೆ ಅಷ್ಟಕ್ಕೇ ತೃಪ್ತರಾಗುತ್ತಾರೆ. ಬಂಧುಗಳ ಕಣ್ಣಿಗೆ ಅಲಕ್ಷ್ಯವೆಂದು ತೋರುವ ಈ ‘ಕಡಿಮೆ ಬಿ.ಪಿ.’ ಉದ್ದೇಶಪೂರ್ವಕವಾದದ್ದು, ಅದಕ್ಕೆ ಅವಧಿಯ ಮಿತಿಯೂ ಇದೆ. ಗಂಟೆಗಟ್ಟಲೆ ಹಾಗೆಯೇ ಬಿಟ್ಟರೆ ಮೂತ್ರಪಿಂಡಗಳು ಹಾಳಾಗುತ್ತವೆ. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕೇಂದ್ರಕ್ಕೆ ಬೇಗನೆ ಕಳುಹಿಸುವ ಅವಸರ. ತಾಲ್ಲೂಕು ಆಸ್ಪತ್ರೆಯ ವೈದ್ಯರು ‘ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕೂಡಲೇ ಹೊರಡಿ’ ಎಂದರೆ ಕೈತೊಳೆದುಕೊಳ್ಳುತ್ತಿದ್ದಾರೆಂದು ತಿಳಿಯಬೇಡಿ. ಒಳಸ್ರಾವಕ್ಕೆ ಶಸ್ತ್ರವೈದ್ಯರೇ ನಿಜವಾದ ಔಷಧ.

ಇದರ ಜತೆಗೆ ‘ಟ್ರಾನೆಕ್ಸಾಮಿಕ್ ಆಮ್ಲ’ ಎಂಬ ಚುಚ್ಚುಮದ್ದು ಬರುತ್ತದೆ. ಕಟ್ಟಿದ ಹೆಪ್ಪು ಕರಗದಂತೆ ಕಾಯುವ ಈ ಔಷಧ ದುಬಾರಿಯದಲ್ಲ. ಭಾರತವೂ ಸೇರಿದಂತೆ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಪಡೆಯದವರಲ್ಲಿ ಶೇ. 16 ಇದ್ದ ಮರಣ ಪಡೆದವರಲ್ಲಿ ಶೇ. 14.5ಕ್ಕೆ ಇಳಿಯಿತು. ಆದರೆ ಗಾಯವಾದ ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಇದರಿಂದ ಲಾಭ. ತಡವಾದರೆ ಕೇಡೂ ಆಗಬಹುದು. ಅಪಘಾತವಾದ ಸಮಯವನ್ನು ವೈದ್ಯರಿಗೆ ಸರಿಯಾಗಿ ತಿಳಿಸುವುದು ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ರಕ್ತ ನೀಡುವಾಗಲೂ ಬರಿಯ ಕೆಂಪು ಕಣಗಳು ಸಾಲವು. ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಸರಿಸುಮಾರು ಸಮಪ್ರಮಾಣದಲ್ಲಿ ಕೊಟ್ಟು, ಕಳೆದುಹೋದ ರಕ್ತವನ್ನೇ ಮರಳಿ ಜೋಡಿಸುವಂತೆ ಮಾಡುವುದು ಈಗಿನ ಪದ್ಧತಿ.

ಈ ನಿಯಮಕ್ಕೆ ಹೊರತಾದವರು

ಮೇಲೆ ಹೇಳಿದ ‘ಕಡಿಮೆ ಬಿ.ಪಿ.ಗೆ ತೃಪ್ತಿ’ ಎಲ್ಲರಿಗೂ ಸಲ್ಲುವುದಿಲ್ಲ.

ತಲೆಗೆ ಪೆಟ್ಟಾದವರು: ಪೆಟ್ಟಾದ ಮಿದುಳು ಬಾತು, ತಲೆಬುರುಡೆಯೊಳಗೆ ಒತ್ತಡ ಏರಿರುತ್ತದೆ. ಅದನ್ನು ಮೀರಿ ರಕ್ತ ಮಿದುಳನ್ನು ತಲುಪಬೇಕಾದರೆ ಬಿ.ಪಿ. ಹೆಚ್ಚಿರಬೇಕು. ಮೇಲಿನ ಬಿ.ಪಿ. ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಸಂಭವ ಬಹಳವಾಗಿ ಹೆಚ್ಚುವುದೆಂದು ಅಧ್ಯಯನಗಳು ತೋರಿಸಿವೆ. ಇವರಲ್ಲಿ 100–110ಕ್ಕಿಂತ ಕೆಳಗೆ ಇಳಿಯದಂತೆ ಕಾಯುತ್ತಾರೆ. ಹೆಲ್ಮೆಟ್ ಧರಿಸದೆ ಬಿದ್ದವನ ಚಿಕಿತ್ಸೆ ಇಮ್ಮಡಿ ಕಠಿಣವಾಗುವುದು ಇಲ್ಲಿಯೇ: ಹೊಟ್ಟೆಯ ಸ್ರಾವಕ್ಕೆ ಬಿ.ಪಿ. ತಗ್ಗಿರಬೇಕು, ಮಿದುಳಿಗೆ ಏರಿರಬೇಕು.

ಹಿರಿಯರು: ಬಹುಕಾಲದಿಂದ ರಕ್ತದೊತ್ತಡದ ರೋಗವಿದ್ದು 150ಕ್ಕೆ ಒಗ್ಗಿಕೊಂಡ ದೇಹಕ್ಕೆ 110 ಎಂಬುದೇ ಕುಸಿತ. ಬಿ.ಪಿ.ಗೂ ಹೃದಯಕ್ಕೂ ಸೇವಿಸುವ ಕೆಲವು ಮಾತ್ರೆಗಳು ನಾಡಿಯ ವೇಗ ಏರದಂತೆ ತಡೆಯುವುದರಿಂದ ಅಪಾಯದ ಸೂಚನೆ ಮುಚ್ಚಿಹೋಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಸಣ್ಣ ಪೆಟ್ಟೂ ದೊಡ್ಡ ಸ್ರಾವವಾಗಬಹುದು. ಮಾತ್ರೆಗಳ ಚೀಟಿಯನ್ನು ಜತೆಗೊಯ್ಯಬೇಕು.

ಗರ್ಭಿಣಿಯರು: ಅವರಲ್ಲಿ ರಕ್ತದ ಪ್ರಮಾಣ ಸಹಜವಾಗಿಯೇ ಹೆಚ್ಚಿರುವುದರಿಂದ ಲಕ್ಷಣಗಳು ತಡವಾಗಿ ಕಾಣುತ್ತವೆ, ತಾಯಿ ಚೆನ್ನಾಗಿದ್ದಂತೆ ಕಂಡರೂ ಮಗುವಿಗೆ ರಕ್ತ ಸಾಲದೆ ಹೋಗಿರಬಹುದು. ತಿಂಗಳು ತುಂಬುತ್ತಿರುವವರನ್ನು ಅಂಗಾತ ಮಲಗಿಸದೆ ಎಡಮಗ್ಗುಲಿಗೆ ವಾಲಿಸಿ ಸಾಗಿಸಬೇಕು.

ಮಕ್ಕಳು: ಕೊನೆಯವರೆಗೂ ಬಿ.ಪಿ.ಯನ್ನು ಹಿಡಿದಿಟ್ಟುಕೊಂಡು ಥಟ್ಟನೆ ಕುಸಿಯುವುದು ಅವರ ಸ್ವಭಾವ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವುದು ಮುಕ್ಕಾಲು ಲೀಟರಿನ ಆಸುಪಾಸಿನ ರಕ್ತ. ದೊಡ್ಡವರಿಗೆ ಅಲ್ಪವೆನಿಸುವ ಸ್ರಾವ ಮಗುವಿಗೆ ಅಲ್ಪವಲ್ಲ.

ಸುಟ್ಟಗಾಯ, ಭಾರದಡಿ ಸಿಲುಕಿದವರು: ವಿಸ್ತಾರವಾದ ಸುಟ್ಟಗಾಯದಲ್ಲಿ ಪ್ಲಾಸ್ಮಾ ಸೋರುವುದರಿಂದ ದ್ರವವೇ ಮುಖ್ಯ ಚಿಕಿತ್ಸೆ. ಟ್ರ್ಯಾಕ್ಟರ್ ಅಥವಾ ಕುಸಿದ ಗೋಡೆಯಡಿ ಗಂಟೆಗಳ ಕಾಲ ಕಾಲು ಜಜ್ಜಿಕೊಂಡವರಲ್ಲಿ, ಭಾರ ತೆಗೆದೊಡನೆ ಸ್ನಾಯುಗಳ ವಿಷಪದಾರ್ಥಗಳು ರಕ್ತಕ್ಕೆ ನುಗ್ಗಿ ಹೃದಯ, ಮೂತ್ರಪಿಂಡಗಳನ್ನು ಕೆಡಿಸಬಹುದು. ಅವರಿಗೆ ಭಾರ ತೆಗೆಯುವ ಮೊದಲೇ ಸಲೈನ್ ಆರಂಭಿಸುವುದುಂಟು. ಯಾರಿಗೆ ಎಷ್ಟು ಎಂಬ ನಿರ್ಧಾರ ವೈದ್ಯರದೇ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಸ್ಥಳದಲ್ಲಿರುವವರು ಮಾಡಬೇಕಾದ್ದು

1. ಮೊದಲು 108ಕ್ಕೆ ಕರೆ ಮಾಡಿ. ‘ಆರೋಗ್ಯ ಕವಚ’ ಎಂಬ ಈ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಇದೆ. ಊರು, ರಸ್ತೆ, ಹತ್ತಿರದ ಗುರುತು, ಗಾಯಾಳುಗಳ ಸಂಖ್ಯೆ ತಿಳಿಸಿ.
2. ರಕ್ತ ಸುರಿಯುವಲ್ಲಿ ಶುಭ್ರವಾದ ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಹೆಗಲ ಮೇಲಿನ ವಸ್ತ್ರ, ಟವೆಲ್ಲು ಯಾವುದಾದರೂ ಆದೀತು. ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಇನ್ನೂ ಬಲವಾಗಿ ಒತ್ತಿರಿ.
3. ಕೈ ಅಥವಾ ಕಾಲಿನ ಸ್ರಾವ ಒತ್ತಿದರೂ ನಿಲ್ಲದೆ ಪ್ರಾಣಕ್ಕೆ ಎರವಾಗುವಂತಿದ್ದರೆ ಮಾತ್ರ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆ ಸುತ್ತಿ ಕೋಲಿನಿಂದ ತಿರುಚಿ ಬಿಗಿಯಿರಿ. ಹಗ್ಗ, ತಂತಿ ಬೇಡ. ಕಟ್ಟಿದ ಹೊತ್ತನ್ನು ಬರೆದಿಡಿ. ಆಸ್ಪತ್ರೆಯವರೆಗೂ ಸಡಿಲಿಸಬೇಡಿ.
4. ಚುಚ್ಚಿಕೊಂಡ ಕಬ್ಬಿಣ, ಗಾಜು, ಮರದ ಚೂರನ್ನು ಕೀಳಬೇಡಿ. ಅದೇ ಬಿರಡೆಯಾಗಿ ರಕ್ತವನ್ನು ತಡೆದಿರಬಹುದು.
5. ಗಾಯಕ್ಕೆ ಕಾಫಿಪುಡಿ, ಸುಣ್ಣ, ಮಣ್ಣು ಹಾಕಬೇಡಿ.
6. ಬಾಯಾರಿಕೆಯೆಂದು ಎಷ್ಟೇ ಬೇಡಿದರೂ ನೀರು, ಸೋಡಾ, ಕಾಫಿ ಕುಡಿಸಬೇಡಿ. ಪ್ರಜ್ಞೆ ತಪ್ಪಿದಾಗ ಅಥವಾ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿ ಪ್ರಾಣ ತೆಗೆಯಬಹುದು. ಸಾಯುವವನಿಗೆ ನೀರು ಕೊಡದಿರುವುದು ಪಾಪವೆಂಬ ಭಾವನೆ ನಮ್ಮಲ್ಲಿದೆ. ಇಲ್ಲಿ ನಾವು ಬದುಕಿಸಲು ಹೊರಟಿದ್ದೇವೆ. ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.
7. ಕಂಬಳಿ ಹೊದಿಸಿ ಮೈ ಬೆಚ್ಚಗಿಡಿ. ನಮ್ಮ ಬಿಸಿಲಿನಲ್ಲಿಯೂ ರಕ್ತ ಕಳೆದುಕೊಂಡ ದೇಹ ತಣ್ಣಗಾಗುತ್ತದೆ.
8. ಕುತ್ತಿಗೆ, ಬೆನ್ನು ತಿರುಚದಂತೆ, ಹಲವರು ಸೇರಿ ಹಲಗೆಯ ಮೇಲೆ ಎತ್ತಿ ಮಲಗಿಸಿ. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಒಯ್ಯಬೇಡಿ.
9. ದಾರಿಯಲ್ಲಿ ಎಲ್ಲಿಯಾದರೂ ನಿಲ್ಲಿಸಿ ‘ಒಂದು ಬಾಟಲಿ ಏರಿಸಿಕೊಂಡು ಹೋಗೋಣ’ ಎಂದು ಹೊತ್ತು ಕಳೆಯಬೇಡಿ.

ರಕ್ತಕ್ಕೆ ರಕ್ತವೇ

ಇಷ್ಟೆಲ್ಲ ವಿಜ್ಞಾನದ ಕೊನೆಗೆ ಉಳಿಯುವ ಸತ್ಯವೆಂದರೆ ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸದು. ಮನುಷ್ಯನಿಗೆ ಮನುಷ್ಯನೇ ಕೊಡಬೇಕು. ಅಪಘಾತವಾದ ಮೇಲೆ ದಾನಿಗಳನ್ನು ಹುಡುಕಿ, ತೆಗೆದು, ಪರೀಕ್ಷಿಸಿ ಕೊಡುವಷ್ಟು ಕಾಲಾವಕಾಶ ಗಾಯಾಳುವಿಗೆ ಇರುವುದಿಲ್ಲ. ಅವನನ್ನು ಉಳಿಸುವುದು ಮೊದಲೇ ರಕ್ತನಿಧಿಯಲ್ಲಿ ಸಿದ್ಧವಾಗಿರುವ ರಕ್ತ. ಶೈತ್ಯದಲ್ಲಿಟ್ಟ ಕೆಂಪು ಕಣಗಳು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳು 5 ದಿನ ಮಾತ್ರ ಬಾಳುತ್ತವೆ. ಆದ್ದರಿಂದ ಜಾತ್ರೆಯ ಕಾಲದಲ್ಲಿ ಒಮ್ಮೆ ಶಿಬಿರ ನಡೆಸಿ ವರ್ಷವಿಡೀ ಸುಮ್ಮನಿರುವುದಕ್ಕಿಂತ, ವರ್ಷದುದ್ದಕ್ಕೂ ಹಂಚಿ ಕೊಡುವುದು ಹೆಚ್ಚು ಫಲಕಾರಿ.

18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವುಳ್ಳ, ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಹೆಚ್ಚಿರುವ ಆರೋಗ್ಯವಂತರು ರಕ್ತ ಕೊಡಬಹುದು. ಪುರುಷರು 90 ದಿನಗಳಿಗೊಮ್ಮೆ, ಸ್ತ್ರೀಯರು 120 ದಿನಗಳಿಗೊಮ್ಮೆ ನೀಡಬಹುದು. ತೆಗೆಯುವುದು 350 ಅಥವಾ 450 ಮಿ.ಲೀ. ಮಾತ್ರ. ದೇಹ ತಾನಾಗಿ ಸರಿದೂಗಿಸಿಕೊಳ್ಳಬಲ್ಲ ಮಿತಿಯೊಳಗೇ ಇದು ಇರುವುದೆಂಬುದನ್ನು ಮೇಲಿನ ಲೆಕ್ಕದಿಂದ ಓದುಗರೇ ಕಂಡುಕೊಳ್ಳಬಹುದು. ಪಡೆಯುವವರು ಯಾರೆಂದು ಅರಿಯದೆ, ಕುಲ–ನೆಲೆಗಳನ್ನು ಕೇಳದೆ ಕೊಡುವ ಈ ದಾನ ದಾಸೋಹಭಾವಕ್ಕೆ ಎಷ್ಟು ಹತ್ತಿರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೆರವಾಗುವವರಿಗೆ ಕಾನೂನಿನ ಆಸರೆ

ಪೊಲೀಸು, ಸಾಕ್ಷಿ, ಆಸ್ಪತ್ರೆಯ ಬಿಲ್ಲು ಎಂಬ ಅಂಜಿಕೆಯಿಂದ ಜನರು ಗಾಯಾಳುವನ್ನು ಮುಟ್ಟದೆ ಸರಿಯುತ್ತಾರೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಯುವಕನೊಬ್ಬ ಕೊನೆಯುಸಿರಿನಲ್ಲಿಯೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿದ ಘಟನೆ ನಾಡನ್ನು ಕಲಕಿತು. ಅವನ ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಅವನ ಹೆಸರಿನಲ್ಲಿಯೇ ‘ಸಾಂತ್ವನ ಹರೀಶ್’ ಯೋಜನೆಯನ್ನು ಆರಂಭಿಸಿ, ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ನೆರವನ್ನು ಘೋಷಿಸಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಏಳು ದಿನಗಳವರೆಗೆ, ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 134ಎ ವಿಧಿಯು ಸದ್ಭಾವದಿಂದ ನೆರವಾದವರನ್ನು ಸಿವಿಲ್, ಕ್ರಿಮಿನಲ್ ಹೊಣೆಗಳಿಂದ ಕಾಪಾಡುತ್ತದೆ. ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ನೆನಪಿನಲ್ಲಿರಲಿ

ರಕ್ತದೊತ್ತಡ ಸಹಜವಿದ್ದ ಮಾತ್ರಕ್ಕೆ ಗಾಯಾಳು ಸುರಕ್ಷಿತನಲ್ಲ. ಸ್ರಾವ ನಿಲ್ಲುವ ಮೊದಲು ಒತ್ತಡವನ್ನು ಬಲವಂತವಾಗಿ ಏರಿಸುವುದು ಹಿತವಲ್ಲ. ತಲೆಗೆ ಪೆಟ್ಟಾದವರ ಲೆಕ್ಕವೇ ಬೇರೆ. ಸಲೈನು ರಕ್ತದ ಸ್ಥಾನವನ್ನು ತುಂಬದು. ಒತ್ತಿ ಹಿಡಿದ ಎರಡು ಕೈಗಳು, ಹೊದಿಸಿದ ಒಂದು ಕಂಬಳಿ, ತಡಮಾಡದ ಒಂದು ಕರೆ, ಮೊದಲೇ ಕೊಟ್ಟಿಟ್ಟ ಒಂದು ಬಾಟಲಿ ರಕ್ತ, ಇವಿಷ್ಟು ಪ್ರತಿಯೊಬ್ಬ ಭಕ್ತರ ಶಕ್ತಿಯೊಳಗೇ ಇರುವಂಥವು. ಮುಂದಿನ ಜಾತ್ರೆ, ರಥೋತ್ಸವಗಳಿಗೆ ಮುನ್ನ ಪ್ರತಿ ಊರಿನ ಯುವಕರು ಹತ್ತು ಮಂದಿಯಾದರೂ ಗಾಯ ಒತ್ತಿ ಹಿಡಿಯುವ ಕ್ರಮವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕಲಿತು, ತಮ್ಮ ರಕ್ತದ ಗುಂಪನ್ನು ಬರೆಸಿಟ್ಟರೆ, ಹಾಸನದ ದಾರಿಯ ಆ ಒಂದು ಗಂಟೆ ಎಷ್ಟೋ ಮನೆಗಳ ಪಾಲಿಗೆ ಭಾರವಾಗದೆ ಕಳೆದೀತು.